ಹೋಲ್ಡಿಂಗ್ ವೇಟ್: ಬೋಲ್ಟ್ ತಿರುಗಿಸುವ ಮೊದಲು ತೂಕ ನೋಡಿ

ಪ್ರಶ್ನೆ: ಸರ್, ನಮ್ಮದು ಗೋಣಿಕೊಪ್ಪದ ಹತ್ತಿರ ಕಾಫಿ ತೋಟ. ಎರಡು ವರ್ಷದಿಂದ ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿ ಇರುವ ಬಿಲ್ಲು) ಅಭ್ಯಾಸ ಮಾಡುತ್ತಿದ್ದೇನೆ. ಡ್ರಾ ವೇಟ್ (ಎಳೆಯುವಾಗ ಬರುವ ಗರಿಷ್ಠ ಭಾರ) 50 ಪೌಂಡ್, ಲೆಟ್-ಆಫ್ (ಪೂರ್ತಿ ಎಳೆದಾಗ ಅದರಲ್ಲಿ ಕಡಿಮೆಯಾಗುವ ಪಾಲು) ಶೇ 80. ಎಳೆಯಲು ಕಷ್ಟವಿಲ್ಲ. ಪೂರ್ತಿ ಎಳೆದು ಗುರಿ ಹಿಡಿದಾಗ ಮಾತ್ರ ಸೈಟಿನ (ಗುರಿ ನೋಡುವ ಸಾಧನದ) ಚುಕ್ಕೆ ಗುರಿಫಲಕದ ನಡುವಿನ ಹಳದಿಯೊಳಗೆ ನಿಲ್ಲುವುದೇ ಇಲ್ಲ. 50 ಮೀಟರಿನಲ್ಲಿ ಬಾಣಗಳು ಎಡಕ್ಕೂ ಬಲಕ್ಕೂ ಚದುರುತ್ತವೆ. ಹೋಲ್ಡಿಂಗ್ ವೇಟ್ (ಪೂರ್ತಿ ಎಳೆದು ಹಿಡಿದಾಗ ಕೈಗೆ ಬರುವ ಭಾರ) ಜಾಸ್ತಿ ಮಾಡು ಎಂದು ಒಬ್ಬರು, ಪೌಂಡ್ ಇಳಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಬಿಲ್ಲಿನ ಬಾಗುವ ತೋಳುಗಳನ್ನು (ಲಿಂಬ್) ಹಿಡಿದಿಡುವ ಲಿಂಬ್ ಬೋಲ್ಟ್‌ಗಳನ್ನು ಒಂದು ಸುತ್ತು ಬಿಗಿ ಮಾಡಿ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಏನು ಮಾಡಲಿ?

ಉತ್ತರ: ಬೋಲ್ಟ್ ಬಿಗಿ ಮಾಡಿದರೂ ವ್ಯತ್ಯಾಸ ಕಾಣಲಿಲ್ಲ ಎಂದಿದ್ದೀರಿ. ಕಾಣುವುದಿಲ್ಲ, ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 50 ಪೌಂಡಿನ ಬಿಲ್ಲಿಗೆ ಶೇ 80 ಲೆಟ್-ಆಫ್ ಎಂದರೆ, ಕ್ಯಾಮ್ ಪೂರ್ತಿ ತಿರುಗಿದ ಮೇಲೆ ನಿಮ್ಮ ಬೆರಳಿಗೆ ಉಳಿಯುವುದು 10 ಪೌಂಡ್ ಮಾತ್ರ. ಬೋಲ್ಟ್ ಒಂದು ಸುತ್ತು ಬಿಗಿಯಾದರೆ ಬಹುಪಾಲು ಬಿಲ್ಲುಗಳಲ್ಲಿ ಎರಡು ಮೂರು ಪೌಂಡ್ ಏರುತ್ತದೆ. 53 ಪೌಂಡ್ ಆಯಿತೆಂದೇ ಇಟ್ಟುಕೊಳ್ಳಿ, ಹಿಡಿದು ನಿಲ್ಲುವ ಭಾರ 10.6 ಪೌಂಡ್. ಎಳೆಯುವಾಗ ಮೂರು ಪೌಂಡ್ ಹೆಚ್ಚಿಗೆ ದುಡಿದಿರಿ, ಗುರಿ ಹಿಡಿಯುವ ಹೊತ್ತಿಗೆ ಕೈಗೆ ಬಂದದ್ದು ಅರ್ಧ ಪೌಂಡಿನಷ್ಟು. ಪೌಂಡ್ ಇಳಿಸಿದರೂ ಕಥೆ ಇಷ್ಟೇ. ಹೋಲ್ಡಿಂಗ್ ವೇಟ್ ಬದಲಾಗಬೇಕಾದರೆ ಕ್ಯಾಮ್ ಎಲ್ಲಿ ನಿಲ್ಲುತ್ತದೆ ಎಂಬುದು ಬದಲಾಗಬೇಕು.

ಅದಕ್ಕೂ ಮೊದಲು ಈಗ ಎಷ್ಟಿದೆ ಎಂದು ತೂಗಿ ನೋಡಿ. ಕಂಪನಿಯವರು ಬರೆದಿರುವ ಶೇ 80 ನಿಮ್ಮ ಬಿಲ್ಲಿನಲ್ಲಿ ಹಾಗೆಯೇ ಇರಬೇಕೆಂದಿಲ್ಲ. ತೋಟದಲ್ಲಿ ಸಂಜೆ ಕಾಫಿ ಹಣ್ಣು ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದೇ ಸಾಕು. ಮುಳ್ಳಿನ ತಕ್ಕಡಿ ಬೇಡ, ಕಡಿಮೆ ತೂಕದಲ್ಲಿ ಅದನ್ನು ನಂಬುವಂತಿಲ್ಲ. ಗೋದಾಮಿನ ತೊಲೆಗೆ ಗಟ್ಟಿಯಾದ ಒಂದು ಗೂಟ ಬಡಿದು, ಬಟ್ಟೆ ಸುತ್ತಿ, ಬಿಲ್ಲಿನ ಹಿಡಿಯನ್ನು ಅದಕ್ಕೆ ಸಿಕ್ಕಿಸಿ. ಅಂಚು ನುಣುಪಾಗಿರುವ ಕೊಕ್ಕೆಯನ್ನು ಹೆದೆಯ ನಡುವಿನ ಹಗ್ಗದ ಕುಣಿಕೆಗೆ (ಡಿ-ಲೂಪ್) ಹಾಕಿ, ತಕ್ಕಡಿಯ ಹಿಡಿಕೆಗೆ ದಪ್ಪ ಹಗ್ಗ ಕಟ್ಟಿ ಎರಡೂ ಕೈಯಿಂದ ನಿಧಾನವಾಗಿ ಕೆಳಗೆ ಎಳೆಯಿರಿ. ಅಂಕಿ ಏರುತ್ತಾ ಹೋಗಿ ಆಮೇಲೆ ಜರ್ರನೆ ಇಳಿಯುತ್ತದೆ. ಕ್ಯಾಮ್ ಎಳೆತವನ್ನು ತಡೆಯುವ ಸ್ಟಾಪಿಗೆ ತಾಗುವ ಮುಂಚೆ ಕಾಣುವ ಅತಿ ಕಡಿಮೆ ಅಂಕಿಯೇ ನಿಮಗೆ ಬೇಕಾದದ್ದು. ತಾಗಿದ ಮೇಲೂ ಜಗ್ಗಿದರೆ ತಕ್ಕಡಿ ಸುಮ್ಮನೆ ಏರುತ್ತದೆ, ಅದನ್ನು ಬರೆದುಕೊಳ್ಳಬೇಡಿ. ಹೆದೆಯನ್ನು ಹಿಂದಕ್ಕೆ ಬಿಡುವಾಗ ಬರುವ ಅಂಕಿಯೂ ಬೇರೆ, ಕ್ಯಾಮ್ ಮತ್ತು ಕೇಬಲ್ಲಿನ ಘರ್ಷಣೆಯಿಂದ ಅದು ಕಡಿಮೆಯೇ ತೋರಿಸುತ್ತದೆ. ಮೂರು ಸಲ ಎಳೆದು ನೋಡಿ, ಕಿಲೋವನ್ನು 2.2ರಿಂದ ಗುಣಿಸಿ. ನಾಲ್ಕೂವರೆ ಕಿಲೋ ಬಂದರೆ 10 ಪೌಂಡ್. ಒಂದು ಎಚ್ಚರಿಕೆ: ನಡುವೆ ಕೊಕ್ಕೆ ಜಾರಿದರೆ ಬಾಣವಿಲ್ಲದೆ ಹೆದೆ ಬಿಟ್ಟಂತೆ. ಲಿಂಬ್ ಸೀಳಬಹುದು, ಕೇಬಲ್ ಹಾರಬಹುದು, ಮುಖಕ್ಕೆ ಬಡಿಯಬಹುದು. ಪಕ್ಕದಲ್ಲಿ ಇನ್ನೊಬ್ಬರು ಇರಲಿ, ಮಕ್ಕಳು ದೂರ ಇರಲಿ.

ಈಗ ನಿಮ್ಮ ತೊಂದರೆಗೆ ಬರೋಣ. ಬಾಣಗಳು ಎಡಬಲಕ್ಕೆ ಚದುರುತ್ತಿವೆ ಎಂದರೆ ನನಗೆ ಮೊದಲು ಅನುಮಾನ ಬರುವುದು ಬಿಲ್ಲು ಹಿಡಿಯುವ ಕೈಯ ಮೇಲೆ. ಹಿಡಿಯನ್ನು ಅಂಗೈ ಸ್ವಲ್ಪ ತಿರುಚಿದರೂ ಬಿಲ್ಲು ತಿರುಗುತ್ತದೆ. ಹಿಂದಿನಿಂದ 10 ಪೌಂಡಿನ ಎಳೆತ ಮಾತ್ರ ಇದ್ದರೆ ಆ ತಿರುಚಿಗೆ ತಡೆಯೇ ಇರುವುದಿಲ್ಲ. ಎಳೆತ ಹೆಚ್ಚಿದಷ್ಟೂ ಬಿಲ್ಲು, ಮೊಣಕೈ, ಭುಜ ಒಂದೇ ಗೆರೆಗೆ ಬರುತ್ತವೆ, ಬೆನ್ನಿನ ಸ್ನಾಯು ಕೆಲಸಕ್ಕೆ ಇಳಿಯುತ್ತದೆ, ಚುಕ್ಕೆಯ ಓಡಾಟ ನಿಧಾನವಾಗುತ್ತದೆ. ಹಾಗಾಗಿ ಜಾಸ್ತಿ ಮಾಡು ಎಂದವರ ಪಕ್ಷ ನಾನು. ಗುರಿಫಲಕಕ್ಕೆ ಹೊಡೆಯುವವರಿಗೆ ಶೇ 80 ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಮರದ ಮೇಲೆ ಕೂತು ಬೇಟೆಗೆ ಕಾಯುವ ಪರದೇಶದ ಬೇಟೆಗಾರರಿಗೆ ಅಷ್ಟು ಹಗುರ ಬೇಕು, ನಾಲ್ಕೈದು ಸೆಕೆಂಡಿನಲ್ಲಿ ಬಾಣ ಬಿಡುವ ನಮಗೆ ಬೇಡ. ಕೆಲವು ವರ್ಷದ ಹಿಂದೆ ನಾನೇ ಸುಖಕ್ಕೆಂದು ಹೋಲ್ಡಿಂಗ್ ವೇಟ್ ತೀರಾ ಇಳಿಸಿಕೊಂಡಿದ್ದೆ. ಗಾಳಿ ಇಲ್ಲದಾಗ ಎಲ್ಲವೂ ಚೆನ್ನಾಗಿತ್ತು. ಒಂದು ಸ್ಪರ್ಧೆಯಲ್ಲಿ ಮಧ್ಯಾಹ್ನದ ಗಾಳಿ ಎದ್ದಾಗ ಬಿಲ್ಲು ಕೈಯಲ್ಲಿ ತೇಲತೊಡಗಿತು, ಆಮೇಲೆ ಒಂದು ಬಾಣವೂ ನನ್ನ ಮಾತು ಕೇಳಲಿಲ್ಲ.

ಆದರೆ ಒಂದು ಪರೀಕ್ಷೆ ಮೊದಲು ಆಗಲಿ. ಪೂರ್ತಿ ಎಳೆದು ನಿಂತಾಗ ಪಕ್ಕದಿಂದ ಯಾರಾದರೂ ಫೋಟೋ ತೆಗೆಯಲಿ. ತಲೆ ಹಿಂದಕ್ಕೆ ವಾಲಿದ್ದರೆ, ಬಿಲ್ಲು ಹಿಡಿದ ಭುಜ ಕಿವಿಯ ಕಡೆ ಎದ್ದಿದ್ದರೆ, ಡ್ರಾ ಲೆಂತ್ (ಹೆದೆಯನ್ನು ಎಳೆಯುವ ದೂರ) ನಿಮಗೆ ಉದ್ದವಾಗಿದೆ. ಅದು ಸರಿಯಾಗುವವರೆಗೆ ಹೋಲ್ಡಿಂಗ್ ವೇಟ್ ಮುಟ್ಟಬೇಡಿ.

ನಿಲುವು ಸರಿ ಇದ್ದರೆ ಕ್ಯಾಮ್ ನೋಡಿ. ಕೆಲವು ಬಿಲ್ಲುಗಳಲ್ಲಿ ಲೆಟ್-ಆಫ್ ಕ್ಯಾಮಿಗೆ ಜೋಡಿಸುವ ಮಾಡ್ಯೂಲ್ ಎಂಬ ಬಿಡಿಭಾಗದಲ್ಲೇ ನಿಗದಿಯಾಗಿರುತ್ತದೆ, ಬೇರೆ ಮಾಡ್ಯೂಲ್ ಹಾಕುವುದೊಂದೇ ದಾರಿ. ಬಹಳಷ್ಟು ಬಿಲ್ಲುಗಳಲ್ಲಿ ಡ್ರಾ ಸ್ಟಾಪ್ ಎಂಬ ಚಿಕ್ಕ ಗೂಟ ಇರುತ್ತದೆ. ಅದರ ಸ್ಕ್ರೂ ಸಡಿಲಿಸಿ, ಕ್ಯಾಮ್ ಸ್ವಲ್ಪ ಬೇಗ ನಿಲ್ಲುವ ಕಡೆಗೆ ಒಂದು ಗುರುತಿನಷ್ಟು ಸರಿಸಿ. ಇದಕ್ಕೆ ಅಲೆನ್ ಕೀ ಸಾಕು, ಲಿಂಬ್ ಒತ್ತಿ ಹೆದೆ ಸಡಿಲಿಸುವ ಯಂತ್ರ (ಬೋ ಪ್ರೆಸ್) ಬೇಡ. ಮೇಲೆ ಕೆಳಗೆ ಎರಡೂ ಕ್ಯಾಮಿಗೆ ಸ್ಟಾಪ್ ಇದ್ದರೆ ಎರಡನ್ನೂ ಅಷ್ಟಷ್ಟೇ ಸರಿಸಬೇಕು. ಎರಡೂ ಒಟ್ಟಿಗೆ ತಾಗುತ್ತವೆಯೇ ಎಂದು ಗೂಟಕ್ಕೆ ಸಿಕ್ಕಿಸಿ ಎಳೆದು ನೋಡಿ. ಒಂದು ಮುಂಚೆ ತಾಗಿದರೆ ಎಡಬಲದ ಚದುರುವಿಕೆ ಹೋಗಿ ಮೇಲೆ ಕೆಳಗಿನ ಚದುರುವಿಕೆ ಶುರುವಾಗುತ್ತದೆ. ಆಮೇಲೆ ಮತ್ತೆ ತೂಗಿ. 10 ಇದ್ದದ್ದು 12 ಅಥವಾ 13 ಆಗಿದ್ದರೆ ಅಲ್ಲಿಗೆ ನಿಲ್ಲಿಸಿ. 15ರ ಆಸೆ ಈಗಲೇ ಬೇಡ.

ಮೂರು ಸಂಗತಿ ಬದಲಾಗಿರುತ್ತವೆ. ಡ್ರಾ ಲೆಂತ್ ಕೂದಲೆಳೆಯಷ್ಟು ಗಿಡ್ಡವಾಗಿರುತ್ತದೆ, ಹಾಗಾಗಿ ಹೆದೆಯಲ್ಲಿರುವ ಪೀಪ್ (ನೋಡುವ ಚಿಕ್ಕ ರಂಧ್ರ) ಕಣ್ಣಿಗೆ ನೇರ ಬರುತ್ತದೆಯೇ ನೋಡಿಕೊಳ್ಳಿ. ಬಾಣದ ವೇಗ ಸ್ವಲ್ಪ ತಗ್ಗಿ ಸೈಟ್ ಹೊಸದಾಗಿ ಹೊಂದಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಬಿಲ್ಲು ಮೊದಲಿನಂತೆ ಸುಮ್ಮನೆ ಕೂರುವುದಿಲ್ಲ. ಬೆನ್ನು ಚೂರು ಸಡಿಲಿಸಿದರೂ ಹೆದೆ ಮುಂದಕ್ಕೆ ಕಿತ್ತುಕೊಳ್ಳುತ್ತದೆ. ಮೊದಲ ಎರಡು ದಿನ ಐದು ಮೀಟರಿನಿಂದ ಖಾಲಿ ಫಲಕಕ್ಕೆ ಹೊಡೆಯಿರಿ, ಬೆರಳು ಹೆದೆ ಬಿಡಿಸುವ ಸಾಧನದ (ರಿಲೀಸ್) ಟ್ರಿಗರಿನ ಹಿಂದೆಯೇ ಇರಲಿ.

ಎರಡು ವಾರ ಬೇರೇನನ್ನೂ ಬದಲಿಸಬೇಡಿ, ಬಿಲ್ಲಿಗೆ ಜೋಡಿಸುವ ಸಮತೋಲನದ ಕೋಲಿನ (ಸ್ಟೆಬಿಲೈಸರ್) ತೂಕವನ್ನೂ ಸಹ. ಮೊದಲ ಹನ್ನೆರಡು ಬಾಣ ನೋಡಿ ತೀರ್ಮಾನಿಸಬೇಡಿ. ಸ್ಪರ್ಧೆಯಲ್ಲಿ 72 ಬಾಣ ಹೊಡೆಯಬೇಕು, ಅರವತ್ತನೆಯ ಬಾಣದಲ್ಲೂ ಚುಕ್ಕೆ ಹಾಗೆಯೇ ನಿಂತಿದೆಯೇ ಎಂಬುದೇ ಲೆಕ್ಕ. ಆಗ ಮೊಣಕೈ ನಡುಗುತ್ತಿದ್ದರೆ ಒಂದು ಗುರುತು ಹಿಂದಕ್ಕೆ ಬನ್ನಿ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಸೋಮವಾರಪೇಟೆಯಲ್ಲಿ ಓದುತ್ತಿದ್ದಾಳೆ. ಅವಳಪ್ಪನ 60 ಪೌಂಡಿನ ಬಿಲ್ಲನ್ನು ಬೋಲ್ಟ್ ಸಡಿಲಿಸಿ ಕೊಡಬಹುದೇ? ಹಿಡಿದಾಗ ಹಗುರವೇ ಇರುತ್ತದಲ್ಲವೇ?

ಉತ್ತರ: ದಯವಿಟ್ಟು ಕೊಡಬೇಡಿ ಅಮ್ಮ. ಹಿಡಿದಾಗ ಹಗುರ ನಿಜ, ಆದರೆ ಅಲ್ಲಿಗೆ ತಲುಪಲು ಪೂರ್ತಿ ಭಾರ ದಾಟಲೇಬೇಕು. ಸಾಮಾನ್ಯವಾಗಿ ಬೋಲ್ಟಿನಿಂದ ಇಳಿಸಬಹುದಾದದ್ದು 10 ಪೌಂಡ್, ಅಂದರೆ 50. ಬೆಳೆಯುವ ಭುಜಕ್ಕೆ ಅದು ಪೆಟ್ಟು. ಕಂಪನಿ ಹೇಳಿದ ಮಿತಿ ಮೀರಿ ಸಡಿಲಿಸಿದರೆ ಲಿಂಬ್ ಕಿತ್ತು ಬರುತ್ತದೆ. ಡ್ರಾ ಲೆಂತ್ ಕೂಡ ಅಪ್ಪನದು, ಅವಳದಲ್ಲ. 15 ಪೌಂಡಿನಷ್ಟು ಕೆಳಗಿನಿಂದ ಶುರುವಾಗಿ ಬೆಳೆದಂತೆ ಏರಿಸಬಹುದಾದ ಬಿಲ್ಲುಗಳು ಸಿಗುತ್ತವೆ, ಅಂಥದ್ದೊಂದು ಕೊಡಿಸಿ. ಸ್ಪರ್ಧೆಯಲ್ಲಿ ದೊಡ್ಡವರಿಗೇ 60 ಪೌಂಡ್ ಮಿತಿ ಇದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡಿನ ಐದೂ ಚಿನ್ನ ನಮ್ಮವರಿಗೇ ಬಂದವು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಅವಳಿಗೆ ಕಾಲಾವಕಾಶ ಬೇಕಾದಷ್ಟಿದೆ.

ಪ್ರಶ್ನೆ: ನಾಟಿ ಮುಗಿದು, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಕೋವಿಯ ಜೊತೆ ಬಿಲ್ಲನ್ನೂ ಪೂಜೆಗಿಟ್ಟು ತೆಗೆದಾಗ ಹೋಲ್ಡಿಂಗ್ ವೇಟ್ ಬದಲಾಗಿರುತ್ತದೆಯೇ? – ನಾಪೋಕ್ಲು

ಉತ್ತರ: ಈಗಿನ ಹೆದೆ ಕೃತಕ ನೂಲಿನದು, ತೇವಕ್ಕೆ ಉಬ್ಬುವುದಿಲ್ಲ. ಹೊಸ ಹೆದೆಯಾದರೆ ಮೊದಲ ನೂರಿನ್ನೂರು ಬಾಣಗಳಲ್ಲಿ ತುಸು ಹಿಗ್ಗುತ್ತದೆ, ಆಗ ಕ್ಯಾಮಿನ ಸ್ಥಾನವೂ ಹೋಲ್ಡಿಂಗ್ ವೇಟೂ ಸರಿಯುತ್ತವೆ. ಎತ್ತಿಡುವ ಮೊದಲು ಕ್ಯಾಮಿನ ಮೇಲೆ ಕೇಬಲ್ ಕೂರುವ ಜಾಗಕ್ಕೆ ಬಿಳಿ ಶಾಯಿಯಲ್ಲಿ ಗುರುತು ಹಾಕಿಡಿ, ತೆಗೆದಾಗ ಹೋಲಿಸಿ. ಗುರುತು ಸರಿದಿದ್ದರೆ ಅದನ್ನು ಸರಿಪಡಿಸಲು ಬೋ ಪ್ರೆಸ್ ಇರುವವರ ಹತ್ತಿರವೇ ಹೋಗಿ. ಹೆದೆಗೆ ಮೇಣ ಹಚ್ಚಿ, ಬೋಲ್ಟ್ ತುಕ್ಕು ಹಿಡಿದಿದೆಯೇ ನೋಡಿ. ಪೂಜೆಯಲ್ಲಿ ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವನ್ನು ಬಿಲ್ಲಿಗೂ ಸಿಕ್ಕಿಸುವಾಗ ಕ್ಯಾಮಿನ ಸಂದಿಗೆ ಮಾತ್ರ ಬೇಡ, ಹಿಡಿಯ ಮೇಲೆ ಇಡಿ.