ಇನ್ಸುಲಿನ್ ಹೊರಬರುವ ದಾರಿಯನ್ನು ಯೀಸ್ಟ್ ತೋರಿಸಿದ್ದು ಹೇಗೆ?

ಪ್ರಶ್ನೆ: ಮೇದೋಜೀರಕ ಗ್ರಂಥಿಯ ಜೀವಕೋಶದೊಳಗೆ ತಯಾರಾಗುವ ಇನ್ಸುಲಿನ್, ಕೋಶದ ಪೊರೆ ಹರಿಯದಂತೆ ಹೊರಬಂದು ರಕ್ತ ಸೇರುವುದು ಹೇಗೆ? ಇಂಥ ಸ್ರವಿಕೆಯನ್ನು ಅಭ್ಯಸಿಸಿ ನೊಬೆಲ್ ಪಡೆದ ರಾಂಡಿ ಶೆಕ್‌ಮನ್ ಅವರು ಯೀಸ್ಟನ್ನು ಆರಿಸಿಕೊಂಡಿದ್ದರೆಂದು ಓದಿದೆ. ಇನ್ಸುಲಿನ್ನೇ ಇಲ್ಲದ ಯೀಸ್ಟಿನಿಂದ ನಮ್ಮ ದೇಹದ ಬಗ್ಗೆ ಏನು ತಿಳಿದೀತು?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೊರಗೆ ಹೋಗಬೇಕಾದ ಪ್ರೋಟೀನು ತಯಾರಾಗುತ್ತಿರುವಾಗಲೇ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದೊಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಪೊರೆಯ ಪುಟ್ಟ ಚೀಲಗಳಲ್ಲಿ, ಪ್ರೋಟೀನುಗಳನ್ನು ವಿಂಗಡಿಸುವ ಗಾಲ್ಜಿ ಸಂಕೀರ್ಣಕ್ಕೆ, ಮತ್ತೆ ಬೇರೆ ಚೀಲಗಳಲ್ಲಿ ಕೋಶದ ಅಂಚಿಗೆ ಸಾಗುತ್ತದೆ. ಸಾರಿನ ಮೇಲೆ ತೇಲುವ ಎರಡು ಎಣ್ಣೆಹನಿಗಳು ತಾಗಿ ಒಂದಾಗುವಂತೆ ಚೀಲದ ಪೊರೆಯು ಕೋಶದ ಪೊರೆಯೊಡನೆ ಬೆರೆಯುತ್ತದೆ. ಒಳಗಿದ್ದ ಪ್ರೋಟೀನು ಹೊರಬರುತ್ತದೆ, ಪೊರೆ ಮಾತ್ರ ಎಲ್ಲಿಯೂ ಹರಿಯುವುದಿಲ್ಲ. ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯಲ್ಲಿ ವಿಕಿರಣಶೀಲ ಅಮೈನೋ ಆಮ್ಲದ ಜಾಡು ಹಿಡಿದು ಈ ಹಾದಿಯನ್ನು ಗುರುತಿಸಿದ ಜಾರ್ಜ್ ಪಲಾಡೆ ಅವರು 1974ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಹಾದಿ ತಿಳಿಯಿತಾದರೂ ಅದನ್ನು ನಡೆಸುವ ಪ್ರೋಟೀನುಗಳು ಯಾವುವೆಂಬುದು ತಿಳಿದಿರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶೆಕ್‌ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೊವಿಕ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಅವರಿಗೆ ಅನುಕೂಲವಾಗಿ ಕಂಡಿತು; ಏಕೆಂದರೆ ಅದರ ಜೀನ್‌ಗಳನ್ನು ಕೆಡಿಸಿ ಪರಿಣಾಮ ನೋಡುವುದು ಸುಲಭ, ಮತ್ತು ಅದು ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವನ್ನು ಪೊರೆಯಾಚೆಗೆ ಸ್ರವಿಸುತ್ತದೆ. ತೊಡಕೆಂದರೆ, ಸ್ರವಿಕೆ ನಿಂತ ಯೀಸ್ಟ್ ಬೆಳೆಯಲಾರದು. ಬೆಳೆಯದ ತಳಿಯನ್ನು ಅಭ್ಯಸಿಸುವುದಾದರೂ ಹೇಗೆ? ಆದ್ದರಿಂದ ಅವರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಹಜವಾಗಿ ಬೆಳೆಯುವ, 37 ಡಿಗ್ರಿಗೆ ಏರಿಸಿದಾಗ ಮಾತ್ರ ದೋಷವನ್ನು ತೋರಿಸುವ ರೂಪಾಂತರಿ ತಳಿಗಳನ್ನು ಹುಡುಕಿದರು. 1979ರಲ್ಲಿ ವರದಿಯಾದ ಮೊದಲ ತಳಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಂಚನ್ನು ಸೇರಲಾಗದ ಚೀಲಗಳು ಕೋಶದ ತುಂಬ ಕಿಕ್ಕಿರಿದಿದ್ದವು.

ಇಡೀ ಸಂಶೋಧನೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದರ ನಂತರದ ಹೆಜ್ಜೆ. ಸ್ರವಿಕೆ ನಿಂತ ಕೋಶವು ಪ್ರೋಟೀನು ತಯಾರಿಸುತ್ತಲೇ ಇರುತ್ತದೆ, ಆದರೆ ಹೊಸ ಪೊರೆ ಬಂದು ಸೇರದ ಕಾರಣ ಗಾತ್ರದಲ್ಲಿ ಹಿಗ್ಗಲಾರದು. ಹಾಗಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಕೋಶಗಳನ್ನು ಸಾಂದ್ರತೆಗೆ ಅನುಸಾರವಾಗಿ ಪ್ರತ್ಯೇಕಿಸಿದಾಗ ದೋಷವಿರುವ ತಳಿಗಳು ಹೆಚ್ಚಿನ ಸಂಖ್ಯೆಯಲ್ಲಿ ದೊರೆತವು, ಮತ್ತು 1980ರಲ್ಲಿ ಸ್ರವಿಕೆಗೆ ಅಗತ್ಯವಾದ 23 ಜೀನ್‌ಗಳ ಪಟ್ಟಿ ಪ್ರಕಟವಾಯಿತು. ಕೆಲವು ತಳಿಗಳಲ್ಲಿ ಪ್ರೋಟೀನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಉಳಿದರೆ, ಕೆಲವದರಲ್ಲಿ ಗಾಲ್ಜಿಯಲ್ಲಿ, ಇನ್ನು ಕೆಲವದರಲ್ಲಿ ಚೀಲಗಳಲ್ಲಿ ಸಿಕ್ಕಿಕೊಂಡಿತ್ತು. ಎರಡು ದೋಷಗಳನ್ನು ಒಂದೇ ಕೋಶದಲ್ಲಿ ಸೇರಿಸಿದರೆ ಮೊದಲಿನ ಹಂತದ ದೋಷವೇ ಕಾಣುವುದರಿಂದ, ಯಾವ ಜೀನಿನ ಕೆಲಸ ಮೊದಲು, ಯಾವುದರದು ಆಮೇಲೆ ಎಂಬುದೂ ಸ್ಪಷ್ಟವಾಯಿತು.

ಯೀಸ್ಟಿನ ಈ ಸಂಗತಿ ನಮಗೂ ಅನ್ವಯಿಸುತ್ತದೆಯೇ ಎಂಬ ನಿಮ್ಮ ಸಂದೇಹವು ನ್ಯಾಯವಾದದ್ದೇ. ಅದಕ್ಕೆ ಉತ್ತರ ಬಂದದ್ದು ಜೇಮ್ಸ್ ರಾಥ್‌ಮನ್ ಅವರಿಂದ. ಅವರು ಸಸ್ತನಿ ಕೋಶಗಳನ್ನು ಒಡೆದು, ಪೊರೆಗಳು ಬೆಸೆಯುವ ಕ್ರಿಯೆಯನ್ನು ಪರೀಕ್ಷಾ ನಳಿಕೆಯಲ್ಲಿ ಮರುಕಳಿಸಿ, ಅದಕ್ಕೆ ಬೇಕಾದ ಎನ್‌ಎಸ್‌ಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಶೆಕ್‌ಮನ್ ಪಟ್ಟಿಯಲ್ಲಿದ್ದ ಸೆಕ್18 ಜೀನು ತಯಾರಿಸುವ ಪ್ರೋಟೀನು ಯೀಸ್ಟಿನಲ್ಲಿರುವ ಅದರ ಪ್ರತಿರೂಪವೆಂದು 1989ರಲ್ಲಿ ತಿಳಿಯಿತು. ಎರಡು ಪ್ರಯೋಗಾಲಯಗಳು ಬೇರೆ ಬೇರೆ ವಿಧಾನಗಳಿಂದ ಹೊರಟು ಒಂದೇ ಯಂತ್ರದ ಬಳಿಗೆ ಬಂದಿದ್ದವು. ಚೀಲವು ಸರಿಯಾದ ಕ್ಷಣದಲ್ಲಿ ಬೆಸೆಯುವಂತೆ ಕ್ಯಾಲ್ಸಿಯಂ ಹೇಗೆ ಸೂಚನೆ ಕೊಡುತ್ತದೆಂಬುದನ್ನು ನರಕೋಶಗಳಲ್ಲಿ ವಿವರಿಸಿದವರು ಥಾಮಸ್ ಸುಡಾಫ್. ಮೂವರಿಗೂ 2013ರ ವೈದ್ಯಕೀಯ ನೊಬೆಲ್ ಸಂದಿತು.

ಇನ್ಸುಲಿನ್ ವಿಷಯಕ್ಕೆ ಬಂದರೆ, ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಅದನ್ನು ತಯಾರಿಸುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅಂಚಿನಲ್ಲಿ ಕಾದಿರುವ ಚೀಲಗಳು ಬೆಸೆದುಕೊಳ್ಳುತ್ತವೆ. ಯೀಸ್ಟಿಗೆ ತನ್ನದೇ ಇನ್ಸುಲಿನ್ ಇಲ್ಲ, ನಿಜ. ಆದರೆ ಪ್ರೋಟೀನನ್ನು ಹೊರಗೆ ಕಳಿಸುವ ಈ ವ್ಯವಸ್ಥೆ ಅದರಲ್ಲಿಯೂ ಇರುವುದರಿಂದ, ಮಾನವ ಇನ್ಸುಲಿನ್‌ನ ಜೀನನ್ನು ಅಳವಡಿಸಿ ಅದರಿಂದಲೇ ಔಷಧವನ್ನು ಪಡೆಯಲಾಗುತ್ತಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಇನ್ಸುಲಿನ್ ತಯಾರಿಸುವುದು ಪಿಕಿಯಾ ಎಂಬ ಯೀಸ್ಟಿನಲ್ಲಿಯೇ.