ದೊಡ್ಡವರ ಕೋರ್ಟಿಗೆ ಹೋಗುವ ಹುಡುಗ ಯಾರು?

ತುಮಕೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಖಾರವಾಗಿ ಬರೆದಿದ್ದಾರೆ: "ಪುಣೆಯಲ್ಲಿ 17ರ ಹುಡುಗ ಪೋರ್ಶೆ ಕಾರು ಗುದ್ದಿಸಿ ಇಬ್ಬರ ಜೀವ ತೆಗೆದ. ಜಾಮೀನಿಗೆ 300 ಪದಗಳ ಪ್ರಬಂಧ ಬರಿ ಅಂದರು. ನನ್ನ ಕ್ಲಾಸಿನಲ್ಲಿ ಹೋಂವರ್ಕ್ ಮಾಡದವನಿಗೂ ಇದಕ್ಕಿಂತ ಜಾಸ್ತಿ ಶಿಕ್ಷೆ ಇತ್ತು. 16 ದಾಟಿದವರನ್ನೆಲ್ಲ ದೊಡ್ಡವರ ಕೋರ್ಟಿಗೇ ಕಳಿಸಲಿ."

ಮೇಷ್ಟ್ರೇ, ಹೋಂವರ್ಕ್ ಮಾತಿಗೆ ನಮ್ಮ ಕಚೇರಿಯೆಲ್ಲ ನಕ್ಕಿತು. ನಿಮ್ಮ ಸಿಟ್ಟು ನ್ಯಾಯವಾದದ್ದೇ. 2024ರ ಮೇ ತಿಂಗಳ ಆ ರಾತ್ರಿ ಸತ್ತವರಿಬ್ಬರೂ ಎಳೆಯ ಎಂಜಿನಿಯರುಗಳು. ಅವರ ಹೆತ್ತವರ ಮುಂದೆ ನನ್ನ ಯಾವ ವಾದವೂ ನಿಲ್ಲೋದಿಲ್ಲ. ಆದರೂ ನಿಮ್ಮ ಜೊತೆ ಜಗಳ ಆಡಲೇಬೇಕು.

ನೀವು ಕೇಳುವ ದಾರಿ 2016ರ ಜನವರಿಯಿಂದಲೇ ಇದೆ. ದಿಲ್ಲಿಯ 2012ರ ಅತ್ಯಾಚಾರ ಪ್ರಕರಣದ ಬಾಲಾಪರಾಧಿ 3 ವರ್ಷ ಮುಗಿಸಿ ಹೊರಬಂದದ್ದು 2015ರ ಡಿಸೆಂಬರ್ 20ಕ್ಕೆ. 22ಕ್ಕೆ ರಾಜ್ಯಸಭೆ ಹೊಸ ಬಾಲ ನ್ಯಾಯ ಮಸೂದೆ ಪಾಸು ಮಾಡಿಬಿಟ್ಟಿತು. ವಯಸ್ಸು ಇಳಿಸಬೇಡಿ ಎಂದು, ದಿಲ್ಲಿ ಪ್ರಕರಣದ ನಂತರ ಕಾನೂನು ಬದಲಾವಣೆ ಸೂಚಿಸಲು ನೇಮಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿ ಹೇಳಿತ್ತು. ಸಂಸತ್ತಿನ ಸ್ಥಾಯಿ ಸಮಿತಿಯೂ ಬೇಡ ಎಂದಿತ್ತು. ಟಿವಿಯವರು ಕೂಗುವಾಗ ವರದಿ ಓದುವವರು ಯಾರು? ಈಗ 16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಇರುವಂಥದ್ದು, ಬಾಲ ನ್ಯಾಯ ಮಂಡಳಿ ಅವನನ್ನು ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು.

ತಮಾಷೆ ಇರೋದೇ ಇಲ್ಲಿ. ಪುಣೆಯ ಹುಡುಗನ ಮೇಲಿನ ಮುಖ್ಯ ಆರೋಪಕ್ಕೆ ಗರಿಷ್ಠ ಶಿಕ್ಷೆ ದೊಡ್ಡದು, ಕನಿಷ್ಠ ಅಂತ 7 ವರ್ಷ ಇಲ್ಲ. ಅಂಥದ್ದು ಘೋರ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಅವನನ್ನು ದೊಡ್ಡವರಂತೆ ವಿಚಾರಿಸಿ ಎಂಬ ಪೊಲೀಸರ ಅರ್ಜಿಯನ್ನು 2025ರ ಜುಲೈನಲ್ಲಿ ಮಂಡಳಿ ತಳ್ಳಿಹಾಕಿತು. ಹಾಗಾದರೆ ಸಿಕ್ಕಿಬೀಳೋದು ಯಾರು? ಪಕ್ಕದೂರಿನ ಹುಡುಗಿ ಜೊತೆ ಓಡಿಹೋದ 17ರ ಹುಡುಗ. ಅವಳಿಗೂ 17. ಅವಳಪ್ಪ ಠಾಣೆ ಹತ್ತಿದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಕಾನೂನು, ಕನಿಷ್ಠ 10 ವರ್ಷ. ಇಂಥ ಕೇಸುಗಳನ್ನು ನೋಡಿ ನೋಡಿಯೇ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಲೈಂಗಿಕ ಸಂಬಂಧಕ್ಕೆ ಒಪ್ಪಿಗೆ ಕೊಡುವ ವಯಸ್ಸಿನ ಲೆಕ್ಕ ಮತ್ತೊಮ್ಮೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗ 18 ಇದ್ದ ಹಾಗೇ ಇರಲಿ ಎಂದಿತು.

ಕಳಿಸುವ ಮೊದಲು ಒಂದು ಪರೀಕ್ಷೆ ಇದೆ. ಮಾಡಿದ್ದರ ಪರಿಣಾಮ ಹುಡುಗನಿಗೆ ಗೊತ್ತಿತ್ತಾ ಎಂದು ನೋಡಬೇಕು. ಅವನು ಮಾಡಿದ್ದಾನೋ ಇಲ್ಲವೋ ಅನ್ನೋದೇ ಇನ್ನೂ ತೀರ್ಮಾನ ಆಗಿರೋದಿಲ್ಲ! ನನ್ನ ಪರಿಚಯದ ಆಪ್ತಸಮಾಲೋಚಕರೊಬ್ಬರು ಹೇಳಿದ್ದು ಕೇಳಿ. "ಕೊಲೆ ಮಾಡಿದರೆ ಏನಾಗುತ್ತೆ ಗೊತ್ತಾ?" ಅಂದರೆ ಹುಡುಗ "ಜೈಲು ಸಾರ್" ಅಂದ. ಸರಿ, ಗೊತ್ತು ಅಂತ ಬರೆದುಕೊಂಡರು. "ನಿನಗೆ ಏನಾಗುತ್ತೆ?" ಅಂದರೆ, "ಸಹಿ ಹಾಕಿದ್ರೆ ಸಂಜೆಗೆ ಬಿಡ್ತೀವಿ ಅಂದ್ರು ಪೊಲೀಸ್ರು" ಅಂದನಂತೆ. ಇದನ್ನು ಯಾವ ಕಾಲಂನಲ್ಲಿ ಬರೆಯೋದು?

2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ 7 ವರ್ಷದ ಮಗುವಿನ ಕೊಲೆಯಾಯಿತು. ಪೊಲೀಸರು ಮೊದಲು ಬಸ್ ಕಂಡಕ್ಟರನ್ನು ಹಿಡಿದು, ಒಪ್ಪಿಕೊಂಡಿದ್ದಾನೆ ಎಂದರು. ಸಿಬಿಐ ಬಂದು, ಅವನಲ್ಲ, 11ನೇ ತರಗತಿಯ ಹುಡುಗ ಎಂದಿತು. ಆ ಹುಡುಗನನ್ನು ದೊಡ್ಡವನೆಂದು ಎಣಿಸಿದ ಆದೇಶ ಸರಿಯಿಲ್ಲ, ಪರೀಕ್ಷೆ ಹೊಸದಾಗಿ ಆಗಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಜುಲೈನಲ್ಲಿ. ಮಗು ಹೌದೋ ಅಲ್ಲವೋ ಅನ್ನುವ ವಾದ ಮುಗಿಯುವ ಮೊದಲೇ ಹುಡುಗನಿಗೆ 21!

ಅಮೆರಿಕದವರನ್ನು ನೋಡಿ ಅನ್ನುತ್ತೀರಿ. ನೋಡೋಣ. ಮಕ್ಕಳಿಗೇ ಬೇರೆ ಕೋರ್ಟು ಬೇಕೆಂದು 1899ರಲ್ಲಿ ಷಿಕಾಗೋದಲ್ಲಿ ಶುರು ಮಾಡಿದವರು ಅವರೇ. 1990ರ ದಶಕದಲ್ಲಿ ಹೆದರಿ, ಹುಡುಗರನ್ನು ಹಿಂಡುಹಿಂಡಾಗಿ ದೊಡ್ಡವರ ಕೋರ್ಟಿಗೆ ಅಟ್ಟಿದರು. 2007ರಲ್ಲಿ ಅವರದೇ ತಜ್ಞರ ತಂಡ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿತು. ಹಾಗೆ ಹೋಗಿಬಂದವರಲ್ಲಿ ಹಿಂಸೆ ಇಳಿದಿರಲಿಲ್ಲ, ಏರಿತ್ತು. ಸುಮ್ನೆ ಕರುಣೆಯಿಂದ ಹೇಳ್ತಿಲ್ಲ ಮೇಷ್ಟ್ರೇ, ನಾಳೆ ಅವನು ವಾಪಸ್ ಬರೋದು ನಮ್ಮ ಬೀದಿಗೇ ಅಲ್ವಾ?

ಇನ್ನು ಪುಣೆಯದೇ ಮಾತು. ಹುಡುಗನ ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಸಿಕ್ಕಿಕೊಂಡವರು ಡಾಕ್ಟರುಗಳು, ಹೆತ್ತವರು. ಎಲ್ಲರೂ ವೋಟಿನ ವಯಸ್ಸು ದಾಟಿದವರೇ. ನಿಮ್ಮ ಪತ್ರದಲ್ಲಿ ಅವರ ಮೇಲೆ ಒಂದು ಸಾಲೂ ಇಲ್ಲ. ನಮ್ಮೂರುಗಳಲ್ಲೂ ಹೈಸ್ಕೂಲ್ ಹುಡುಗನಿಗೆ ಸ್ಕೂಟರ್ ಕೀ ಕೊಟ್ಟು, ಮಗ ಎಷ್ಟು ಚೆನ್ನಾಗಿ ಓಡಿಸ್ತಾನೆ ಎಂದು ಬೀಗುವ ಅಪ್ಪಂದಿರಿಗೆ ಬರವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನಲ್ಲಿ ಅಂಥವರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ದಂಡ ಇದೆ. ದಂಡ ಕಟ್ಟಿ ಮನೆಗೆ ಹೋದವರ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಜೈಲಿಗೆ ಹೋದ ಅಪ್ಪನ ಸುದ್ದಿ ನಾನಂತೂ ಓದಿಲ್ಲ. ಅದರ ಬಗ್ಗೆ ಒಂದು ಪತ್ರ ಬರೆಯಿರಿ, ಇಷ್ಟೇ ಖಾರ ಇರಲಿ, ಮೊದಲ ಪುಟದಲ್ಲೇ ಹಾಕುತ್ತೇನೆ.

— ಸಂ.