ವೈದ್ಯ ಜೇಕಬ್ ಗ್ಯಾಲಿಂಜರ್ ಅಮೆರಿಕದ ಸೆನೆಟರ್ ಆದದ್ದು ಹೇಗೆ?

ಒಂದೇ ಜಿಗಿತಕ್ಕಲ್ಲ, ಮೆಟ್ಟಿಲು ಮೆಟ್ಟಿಲಾಗಿ. 1837ರಲ್ಲಿ ಕೆನಡಾದಲ್ಲಿ ಹುಟ್ಟಿದ ಗ್ಯಾಲಿಂಜರ್ ಮೊದಲು ಕಲಿತದ್ದು ಮುದ್ರಣದ ಕೆಲಸ. 1858ರಲ್ಲಿ ಸಿನ್ಸಿನಾಟಿಯಲ್ಲಿ ವೈದ್ಯ ಪದವಿ ಪಡೆದು, 1862ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಕಾಂಕರ್ಡ್‌ಗೆ ಬಂದು ಹೋಮಿಯೋಪತಿ ವೈದ್ಯರಾಗಿ ನೆಲೆಯೂರಿದರು. ಕಾಂಕರ್ಡ್ ಆ ರಾಜ್ಯದ ರಾಜಧಾನಿ. ಹಾಗಾಗಿ ರೋಗಿಗಳನ್ನು ಬಿಡದೆಯೇ 1872ರಲ್ಲಿ ಅಲ್ಲೇ ಸೇರುವ ರಾಜ್ಯ ಶಾಸನಸಭೆಯ ಕೆಳಮನೆಗೆ, 1878ರಲ್ಲಿ ಮೇಲ್ಮನೆಗೆ ಹೋಗಲು ಸಾಧ್ಯವಾಯಿತು. 1885ರಲ್ಲಿ ವಾಷಿಂಗ್ಟನ್‌ನ ಪ್ರತಿನಿಧಿ ಸಭೆ, ಅಂದರೆ ದೇಶದ ಸಂಸತ್ತಿನ ಕೆಳಮನೆ, ಸೇರಿದಾಗ ವೈದ್ಯವೃತ್ತಿ ನಿಂತಿತು.

1891ರಲ್ಲಿ ಆ ಸಂಸತ್ತಿನ ಮೇಲ್ಮನೆಯಾದ ಸೆನೆಟ್. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದವರು ಜನರಲ್ಲ, ರಾಜ್ಯದ ಶಾಸಕರು. ಶಾಸನಸಭೆಯ ಹಳೆಯ ಒಡನಾಟ ಅಲ್ಲಿ ಬೆಲೆಬಾಳುತ್ತಿತ್ತು. 1913ರಲ್ಲಿ ಅಮೆರಿಕದ ಸಂವಿಧಾನದ 17ನೇ ತಿದ್ದುಪಡಿ ಆ ಪದ್ಧತಿಯನ್ನೇ ತೆಗೆದುಹಾಕಿತು. ಆದರೂ 1914ರಲ್ಲಿ ಜನರ ನೇರ ಮತದಿಂದ ಗೆದ್ದರು; ನನ್ನ ಮಟ್ಟಿಗೆ ಇದೇ ಅವರ ದೊಡ್ಡ ಗೆಲುವು. 1918ರಲ್ಲಿ ತೀರಿಕೊಳ್ಳುವವರೆಗೂ ಸೆನೆಟರ್ ಆಗಿದ್ದರು. ವಾಷಿಂಗ್ಟನ್‌ನ ನಗರಾಸ್ಪತ್ರೆಗೆ ಮುಂದೆ ಅವರದೇ ಹೆಸರಿಟ್ಟರು.